ಶಾಲೆ ನೋಡಲು ಹೋದಾಗ ಹಾಸ್ಟೆಲಿನ ಸಂಜೆಯನ್ನೂ ನೋಡಿ ಬನ್ನಿ: ವಸತಿ ಶಾಲೆಗೆ ಮಕ್ಕಳನ್ನು ಸೇರಿಸುವ ಜೈನ ಕುಟುಂಬಗಳಿಗೆ ಮಾಹಿತಿ



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮುಂದಿನ ವರ್ಷದ ಶಾಲೆಯ ಮಾತು ಶುರುವಾಗುತ್ತದೆ. ಕೆಲವರ ಊರಿನಲ್ಲಿ ಶಾಲೆ ಏಳನೆಯ ತರಗತಿಗೇ ಮುಗಿಯುತ್ತದೆ. ಕೆಲವರ ಮನೆಯಲ್ಲಿ ತಂದೆ-ತಾಯಿ ಇಬ್ಬರೂ ಅಂಗಡಿ, ತೋಟ, ನೌಕರಿ ಎಂದು ಹೊರಗೇ ಇರುತ್ತಾರೆ. ಕಾರಣ ಏನೇ ಇರಲಿ, ಪ್ರಶ್ನೆ ಒಂದೇ: ಮಗು ದಿನಾ ಬಸ್ಸಿನಲ್ಲಿ ಹೋಗಿ ಬರಲಿಯೇ, ಅಥವಾ ಹಾಸ್ಟೆಲಿಗೆ ಸೇರಿಸೋಣವೇ?

ಶಾಲೆ ನೋಡಲು ಹೋದವರು ಸಾಮಾನ್ಯವಾಗಿ ಕಟ್ಟಡ, ಲ್ಯಾಬು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಮತ್ತು ಫೀಸು, ಇಷ್ಟನ್ನು ವಿಚಾರಿಸಿ ಬರುತ್ತಾರೆ. ಇವೆಲ್ಲ ಬೇಕಾದದ್ದೇ. ಆದರೆ ದಿನದ 24 ಗಂಟೆಯಲ್ಲಿ ತರಗತಿ ನಡೆಯುವುದು ಆರೇಳು ಗಂಟೆ ಮಾತ್ರ. ಉಳಿದ 17 ಗಂಟೆ ಮಗು ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ ತಿನ್ನುತ್ತದೆ, ಯಾರ ಜೊತೆ ಇರುತ್ತದೆ, ಬೇಸರವಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತದೆ ಎಂಬುದೇ ಹಾಸ್ಟೆಲ್ ಜೀವನ. ವ್ರತ-ನಿಯಮ ಪಾಲಿಸುವ ನಮ್ಮಂತಹ ಮನೆಗಳಿಗೆ ಈ 17 ಗಂಟೆಯ ವಿಚಾರಣೆ ಇನ್ನೂ ಮುಖ್ಯ. ಸಮಾಜದ ವಿದ್ಯಾರ್ಥಿ ನಿಲಯದ ಕೆಲಸದಲ್ಲಿ ಸ್ವಯಂಸೇವಕನಾಗಿ ಕೈಜೋಡಿಸಿರುವುದರಿಂದ, ಪೋಷಕರು ಮತ್ತೆ ಮತ್ತೆ ಕೇಳುವ ವಿಷಯಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದೇ ಶಾಲೆ, ಎರಡು ದಿನಚರಿ

ದಿನವೂ ಬಂದು ಹೋಗುವ ಮಕ್ಕಳು ಮತ್ತು ಅಲ್ಲೇ ಉಳಿಯುವ ಮಕ್ಕಳು ಒಟ್ಟಿಗೆ ಕಲಿಯುವ ಖಾಸಗಿ ಶಾಲೆಗಳು ನಮ್ಮ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಶುರುವಾದದ್ದು 1865ರಲ್ಲಿ. ಮಕ್ಕಳನ್ನು ಬೇರೆ ಬೇರೆ 'ಹೌಸ್'ಗಳಾಗಿ ವಿಂಗಡಿಸುವುದು, ಸಂಜೆ ಕಡ್ಡಾಯ ಆಟ, ರಾತ್ರಿ ಮೇಲ್ವಿಚಾರಣೆಯಲ್ಲಿ ಓದು, ಹಿರಿಯ ವಿದ್ಯಾರ್ಥಿಗಳಿಗೆ ನಾಯಕತ್ವದ ಜವಾಬ್ದಾರಿ, ಇವೆಲ್ಲ ಇಂಗ್ಲೆಂಡಿನ ಶಾಲೆಗಳಿಂದ ಬಂದ ಪದ್ಧತಿ. ಈಗ ತಾಲ್ಲೂಕು ಮಟ್ಟದ ವಸತಿ ಶಾಲೆಗಳಲ್ಲೂ ಹೆಚ್ಚು ಕಡಿಮೆ ಇದೇ ನಡೆಯುತ್ತದೆ.

ಡೇ ಸ್ಕಾಲರ್ ಮಗು ಬೆಳಿಗ್ಗೆ ಏಳು, ಏಳೂವರೆಗೆ ಬಸ್ಸು ಹತ್ತಿ ಸಂಜೆ ಐದರ ಹೊತ್ತಿಗೆ ಮನೆ ಸೇರುತ್ತದೆ. ಬೆಳಗಿನ ತಿಂಡಿ, ಸಂಜೆಯ ಊಟ ಮನೆಯದೇ. ಮಧ್ಯಾಹ್ನಕ್ಕೆ ಡಬ್ಬಿ ಕೊಟ್ಟರಾಯಿತು.

ಹಾಸ್ಟೆಲ್ ಮಗುವಿನ ದಿನ ಬೇರೆ. ಬೆಳಿಗ್ಗೆ ಐದು, ಐದೂವರೆಗೆ ಏಳಬೇಕು. ಯೋಗ ಅಥವಾ ಡ್ರಿಲ್, ಸ್ನಾನ, ಸ್ವಲ್ಪ ಓದು, ಏಳೂವರೆಯ ಸುಮಾರಿಗೆ ತಿಂಡಿ. ಎಂಟೂವರೆಯಿಂದ ಮೂರೂವರೆ, ನಾಲ್ಕರವರೆಗೆ ಶಾಲೆ. ಆಮೇಲೆ ಚಹಾ ಅಥವಾ ಹಾಲು, ಏನಾದರೂ ತಿನಿಸು. ಆರರವರೆಗೆ ಆಟ. ಪ್ರಾರ್ಥನೆಯಾದ ಮೇಲೆ ಎಂಟರವರೆಗೆ ಓದು. ಎಂಟಕ್ಕೆ ಊಟ. ಒಂಬತ್ತೂವರೆ, ಹತ್ತಕ್ಕೆ ದೀಪ ಆರಿಸುವುದು. ಬೇರೆ ಬೇರೆ ಶಾಲೆಯಲ್ಲಿ ಅರ್ಧ ಗಂಟೆ ಆಚೀಚೆ ಆಗಬಹುದು.

ಈ ಪಟ್ಟಿಯನ್ನು ಜೈನ ಕಣ್ಣಿನಿಂದ ನೋಡಿದರೆ ತೊಡಕು ಎಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. ಊಟ ರಾತ್ರಿ ಎಂಟಕ್ಕೆ.

ನಮ್ಮ ಹಿರಿಯರು ಕಟ್ಟಿದ ಬೋರ್ಡಿಂಗ್‌ಗಳು

ಈ ತೊಡಕು ನಮ್ಮ ಹಿರಿಯರಿಗೂ ಎದುರಾಗಿತ್ತು. ಶತಮಾನದ ಹಿಂದೆ ಬೆಳಗಾವಿ, ಧಾರವಾಡ, ಕೊಲ್ಹಾಪುರ, ಸಾಂಗಲಿ ಭಾಗದ ಜೈನರಲ್ಲಿ ಹೆಚ್ಚಿನವರು ಒಕ್ಕಲು ಮನೆತನದವರು. ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ. ಪೇಟೆಯಲ್ಲಿ ಮಗನನ್ನು ಇರಿಸಲು ಮನೆಯಿಲ್ಲ. ಖಾನಾವಳಿಯಲ್ಲಿ ಉಣ್ಣಲು ನಿಯಮ ಬಿಡುವುದಿಲ್ಲ. ಹೀಗಾಗಿ ಬುದ್ಧಿವಂತ ಹುಡುಗರೂ ನಾಲ್ಕನೆಯ ಇಯತ್ತೆಗೆ ಓದು ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರು.

1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಈ ಸಮಸ್ಯೆಗೆ ಕಂಡುಕೊಂಡ ದಾರಿಯೇ 'ಬೋರ್ಡಿಂಗ್'. ಶಾಲೆ ಕಟ್ಟುವುದಕ್ಕಿಂತ ಮೊದಲು, ಇರುವ ಶಾಲೆಯ ಹತ್ತಿರ ವಸತಿ ಮತ್ತು ಅಡುಗೆಮನೆ ಕಟ್ಟಿದರು. ಕಲಿಯುವುದು ಊರಿನ ಹೈಸ್ಕೂಲಿನಲ್ಲಿ, ಉಣ್ಣುವುದು, ಮಲಗುವುದು, ಓದುವುದು ಬೋರ್ಡಿಂಗ್‌ನಲ್ಲಿ. ಕೊಲ್ಹಾಪುರದಲ್ಲಿ ಛತ್ರಪತಿ ಶಾಹು ಮಹಾರಾಜರು ಎಲ್ಲ ಸಮಾಜಗಳ ವಿದ್ಯಾರ್ಥಿ ನಿಲಯಗಳಿಗೆ ನೆರವು ಕೊಟ್ಟರು, ಜೈನ ಬೋರ್ಡಿಂಗ್‌ಗೂ ಕೊಟ್ಟರು. ಮುಂದೆ ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೂ ಜೈನ ಬೋರ್ಡಿಂಗ್‌ಗಳಾದವು. ಇವತ್ತು ಆ ಭಾಗದ ಜೈನ ಮನೆತನಗಳಲ್ಲಿ ವಕೀಲರು, ವೈದ್ಯರು, ಎಂಜಿನಿಯರರು ಇದ್ದಾರೆಂದರೆ ಅದರ ಹಿಂದೆ ಈ ಅಡುಗೆಮನೆಗಳ ಋಣವಿದೆ.

ಇನ್ನೊಂದು ದಾರಿ ಗುರುಕುಲದ್ದು. ಮುಂದೆ ಮುನಿ ದೀಕ್ಷೆ ಪಡೆದ ಪರಮಪೂಜ್ಯ ಸಮಂತಭದ್ರ ಮಹಾರಾಜರು 1918ರಲ್ಲಿ ವಿದರ್ಭದ ಕಾರಂಜಾದಲ್ಲಿ ಮಹಾವೀರ ಬ್ರಹ್ಮಚರ್ಯಾಶ್ರಮವನ್ನೂ, 1934ರಲ್ಲಿ ಕುಂಭೋಜ ಬಳಿಯ ಬಾಹುಬಲಿಯಲ್ಲಿ ಆಶ್ರಮವನ್ನೂ ಆರಂಭಿಸಿದರು. ಇಲ್ಲಿ ಶಾಲೆ, ವಸತಿ, ಧರ್ಮ ಶಿಕ್ಷಣ ಎಲ್ಲವೂ ಒಂದೇ ಆವರಣದಲ್ಲಿ. ಹೆಣ್ಣುಮಕ್ಕಳಿಗಾಗಿ ಬಿಹಾರದ ಆರಾದಲ್ಲಿ ಪಂಡಿತೆ ಚಂದಾಬಾಯಿ ಅವರು ಜೈನ ಬಾಲಾ ವಿಶ್ರಾಮವನ್ನು ನಡೆಸಿದರು. ಸೊಲ್ಲಾಪುರದಲ್ಲಿ ಪಂಡಿತೆ ಸುಮತಿಬಾಯಿ ಶಹಾ ಅವರು ಶ್ರಾವಿಕಾ ಸಂಸ್ಥೆಯನ್ನು ಬೆಳೆಸಿದರು. ನಮ್ಮ ಕರಾವಳಿಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಆರಂಭಿಸಿದರು. ಅಲ್ಲಿ ಓದಿನ ಜೊತೆ ತೋಟದ ಕೆಲಸ, ಯೋಗ, ಸರಳ ಜೀವನ ಎಲ್ಲವೂ ಪಾಠವೇ. ಜಾತಿ-ಮತದ ಭೇದವಿಲ್ಲದೆ ಬಡ ಮಕ್ಕಳಿಗೆ ಅಲ್ಲಿ ಆಶ್ರಯ ಸಿಕ್ಕಿತು.

ಇದೇ ಪರಂಪರೆಯಲ್ಲಿ ಕರ್ಮವೀರ ಭಾವೂರಾವ್ ಪಾಟೀಲರನ್ನು ನೆನೆಯಲೇಬೇಕು. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಅವರು ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿದ್ದು ಓದುತ್ತಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿ ನಿಲಯದ ಕಾರ್ಯಕ್ರಮಕ್ಕೆ ಹೋಗಿ ಬಂದು, ಶುದ್ಧಿಯ ಸ್ನಾನ ಮಾಡಲು ಒಪ್ಪದ ಕಾರಣ ಬೋರ್ಡಿಂಗ್ ಬಿಡಬೇಕಾಯಿತು. ಮುಂದೆ ಅವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಇರುವ, ದುಡಿದು ಕಲಿಯುವ ವಸತಿ ನಿಲಯವನ್ನು ನಡೆಸಿದರು. 1927ರಲ್ಲಿ ಮಹಾತ್ಮ ಗಾಂಧೀಜಿ ಅಲ್ಲಿಗೆ ಭೇಟಿ ಕೊಟ್ಟರು. ಅಡುಗೆಮನೆಯಲ್ಲಿ ಅಹಿಂಸೆ ಇದ್ದು, ಪಂಕ್ತಿಯಲ್ಲಿ ಭೇದ ಇದ್ದರೆ ಅದು ಪೂರ್ತಿ ಅಹಿಂಸೆ ಆಗುವುದಿಲ್ಲ ಎಂಬುದನ್ನು ಅವರ ಜೀವನ ನಮಗೆ ಹೇಳುತ್ತದೆ. ನಮ್ಮ ನಿಯಮಕ್ಕೆ ವ್ಯವಸ್ಥೆ ಕೇಳೋಣ, ಆದರೆ ನಮ್ಮ ಮಗು ಬೇರೆಯವರ ಪಕ್ಕ ಕೂರಬಾರದು ಎಂದು ಯಾವ ಶಾಲೆಯನ್ನೂ ಕೇಳಬಾರದು.

ಸಂಜೆ ಊಟದ ಲೆಕ್ಕ

ರಾತ್ರಿ ಭೋಜನ ತ್ಯಾಗದ ವಿಷಯ ಬಂದಾಗ ಕೆಲವು ಪೋಷಕರು ಶಾಲೆಯವರ ಹತ್ತಿರ ಧರ್ಮದ ಮಾತು ಆಡುತ್ತಾರೆ, ಶಾಲೆಯವರು ನಿಯಮದ ಮಾತು ಆಡುತ್ತಾರೆ. ಇದು ವಾಸ್ತವವಾಗಿ ವೇಳಾಪಟ್ಟಿಯ ಪ್ರಶ್ನೆ. ಲೆಕ್ಕ ಹಾಕಿ ಮಾತಾಡಿದರೆ ಬೇಗ ಬಗೆಹರಿಯುತ್ತದೆ.

ಬೆಂಗಳೂರಿನಲ್ಲಿ ಜೂನ್ ಕೊನೆ, ಜುಲೈ ಮೊದಲ ದಿನಗಳಲ್ಲಿ ಸೂರ್ಯಾಸ್ತ ಸುಮಾರು 6.50ಕ್ಕೆ. ನವೆಂಬರ್ ಮೂರನೆಯ ವಾರದಲ್ಲಿ ಸುಮಾರು 5.50ಕ್ಕೆ. ಅಂದರೆ ಶಾಲೆ ಶುರುವಾದಾಗ ಇದ್ದ ಸಮಯ ದೀಪಾವಳಿಯ ಹೊತ್ತಿಗೆ ಒಂದು ಗಂಟೆ ಹಿಂದೆ ಸರಿದಿರುತ್ತದೆ. ಬೆಳಗಾವಿ ಕಡೆ ಇದಕ್ಕಿಂತ ಹತ್ತು-ಹದಿನೈದು ನಿಮಿಷ ತಡ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಮನೆತನವಾದರೆ ನವೆಂಬರಿನಲ್ಲಿ ಐದು ಗಂಟೆಗೆ ಊಟ ಮುಗಿದಿರಬೇಕು. ಜೂನ್ ತಿಂಗಳಲ್ಲಿ ಆರಕ್ಕೆ ಊಟ ಕೊಡುತ್ತೇವೆ ಎಂದು ಒಪ್ಪಿದ ಶಾಲೆಯಲ್ಲಿ ನವೆಂಬರಿಗೆ ತಕರಾರು ಬರುವುದು ಇದಕ್ಕೇ. ಆದ್ದರಿಂದ ಸೇರಿಸುವಾಗಲೇ ವರ್ಷಪೂರ್ತಿಗೆ ಒಂದು ಸಮಯ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು. ಐದೂಕಾಲರಿಂದ ಐದೂಮುಕ್ಕಾಲು ಎಂದಿಟ್ಟುಕೊಂಡರೆ ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ನಿಯಮ ವರ್ಷವಿಡೀ ನಡೆಯುತ್ತದೆ. ಎರಡು ಘಳಿಗೆಯ ನಿಯಮದವರು ಚಳಿಗಾಲಕ್ಕೆ ಬೇರೆ ಸಮಯ ಕೇಳಬೇಕಾಗುತ್ತದೆ.

ಶಾಲೆಯವರ ಕಷ್ಟವನ್ನೂ ನಾವು ತಿಳಿಯಬೇಕು. ಐದೂವರೆ ಎಂದರೆ ಆಟದ ಸಮಯ. ಇಬ್ಬರು ಮಕ್ಕಳನ್ನು ಮೈದಾನದಿಂದ ಕರೆಸಿ ಊಟಕ್ಕೆ ಕೂರಿಸಿದರೆ ಆ ಮಕ್ಕಳಿಗೆ ಪಂದ್ಯ ತಪ್ಪುತ್ತದೆ. ಒಂದು ದಿನ ಸರಿ, ದಿನವೂ ತಪ್ಪಿದರೆ ತಂಡದಿಂದಲೇ ಹೆಸರು ಹೋಗುತ್ತದೆ. ಜೈನ ಸಂಸ್ಥೆಗಳ ನಿಲಯಗಳಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅಲ್ಲಿ ಇಡೀ ದಿನಚರಿಯನ್ನೇ ಸೂರ್ಯನಿಗೆ ಹೊಂದಿಸಿರುತ್ತಾರೆ. ನಾಲ್ಕಕ್ಕೆ ಆಟ, ಐದೂವರೆಗೆ ಎಲ್ಲರಿಗೂ ಊಟ, ನಂತರ ಆರತಿ, ಆಮೇಲೆ ಓದು. ಬೇರೆ ಶಾಲೆಗಳಲ್ಲಿ ಆಟದ ಅವಧಿಯ ಮೊದಲ ಭಾಗದಲ್ಲಿ ಮಗುವನ್ನು ಆಡಿಸಿ, ಅರ್ಧ ಗಂಟೆ ಬೇಗ ಬಿಡುವ ಏರ್ಪಾಡು ಸಾಧ್ಯವೇ ಎಂದು ದೈಹಿಕ ಶಿಕ್ಷಕರನ್ನೇ ಕೇಳಿ. ಆಫೀಸಿನಲ್ಲಿ ಕುಳಿತವರು "ಆಗುತ್ತದೆ" ಎಂದರೆ ಸಾಲದು, ಮೈದಾನದಲ್ಲಿ ನಿಂತವರು ಒಪ್ಪಬೇಕು.

ಇನ್ನು ಹಸಿವಿನ ಲೆಕ್ಕ. ಐದೂವರೆಗೆ ಉಂಡ ಮಗು ಮರುದಿನ ಏಳೂವರೆಗೆ ತಿಂಡಿ ತಿಂದರೆ ನಡುವೆ 14 ಗಂಟೆ. ರಾತ್ರಿ ಒಂಬತ್ತೂವರೆಯವರೆಗೆ ಓದುವ, ಬೆಳೆಯುವ ವಯಸ್ಸಿನ ಮಗುವಿಗೆ ಇದು ದೊಡ್ಡ ಅಂತರ. ಮನೆಯಲ್ಲಿ ತಾಯಿ ಬೆಳಿಗ್ಗೆ ಬೇಗ ಏನಾದರೂ ಕೊಡುತ್ತಾರೆ, ಹಾಸ್ಟೆಲಿನಲ್ಲಿ ಗಂಟೆ ಹೊಡೆಯುವ ತನಕ ಕಾಯಬೇಕು. ಆದ್ದರಿಂದ ನಾಲ್ಕು ಗಂಟೆಯ ತಿನಿಸು ಗಟ್ಟಿಯಾಗಿರಬೇಕು. ಬಿಸ್ಕತ್ತು-ಚಹಾ ಸಾಲದು. ಹೆಸರುಕಾಳು ಅಥವಾ ಕಡಲೆಯ ಉಸಲಿ, ಅವಲಕ್ಕಿ, ಶೇಂಗಾ ಚಿಕ್ಕಿ, ಬಾಳೆಹಣ್ಣು, ಹಾಲು ಇಂಥದ್ದು ಸಿಗಬೇಕು. ಸಂಜೆಯ ಊಟದಲ್ಲಿಯೂ ಅನ್ನ-ಸಾರಿನ ಜೊತೆ ರೊಟ್ಟಿ ಅಥವಾ ಚಪಾತಿ, ಬೇಳೆ ಇದ್ದರೆ ಹಸಿವು ತಡೆಯುತ್ತದೆ. ನವಕಾರಸಿ ಪಾಲಿಸುವ ಶ್ವೇತಾಂಬರ ಮನೆಗಳವರು ಬೆಳಗಿನದನ್ನೂ ನೋಡಿಕೊಳ್ಳಬೇಕು. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ, ಅದಕ್ಕೆ 48 ನಿಮಿಷ ಸೇರಿಸಿದರೆ 7.33. ಏಳಕ್ಕೇ ತಿಂಡಿ ಕೊಟ್ಟು ಮುಚ್ಚುವ ಮೆಸ್ಸಿನಲ್ಲಿ ಮಗು ಹಸಿದುಕೊಂಡೇ ತರಗತಿಗೆ ಹೋಗುತ್ತದೆ.

ನೀರಿನ ವಿಷಯವನ್ನು ಸ್ಪಷ್ಟವಾಗಿ ಹೇಳಿಬಿಡಿ. ಚೌವಿಹಾರ ಎಂದರೆ ರಾತ್ರಿ ನೀರೂ ಇಲ್ಲ. ತಿವಿಹಾರ ಎಂದರೆ ನೀರು ಉಂಟು. ನಿಮ್ಮ ಮಗುವಿಗೆ ಯಾವುದು ಎಂದು ವಾರ್ಡನ್ನರಿಗೂ ತಿಳಿದಿರಬೇಕು, ಮಗುವಿಗೂ ತಿಳಿದಿರಬೇಕು. ಅದಕ್ಕಿಂತ ಮುಖ್ಯವಾದದ್ದು, ಜ್ವರ ಬಂದ ರಾತ್ರಿ ಏನು ಮಾಡಬೇಕು ಎಂಬುದು. ವೈದ್ಯರು ಕೊಟ್ಟ ಮಾತ್ರೆಯನ್ನು ರಾತ್ರಿ ನೀರಿನ ಜೊತೆ ತೆಗೆದುಕೊಳ್ಳಬಹುದು, ಬೇಕಾದರೆ ಗಂಜಿ ಕುಡಿಯಬಹುದು ಎಂದು ತಂದೆ-ತಾಯಿ ತಮ್ಮ ಬಾಯಿಂದಲೇ ಮಗುವಿಗೆ ಹೇಳಿ ಕಳಿಸಬೇಕು, ಬರೆದೂ ಕೊಡಬೇಕು. ಅಪ್ಪ ಬೈಯುತ್ತಾರೆ ಎಂದು ಹೆದರಿ ಮಗು ರಾತ್ರಿಯಿಡೀ ಮಾತ್ರೆ ನುಂಗದೆ ಮಲಗುವಂತೆ ಆಗಬಾರದು. ವ್ರತ ಇರುವುದು ಜೀವದಯೆಗಾಗಿ. ನಮ್ಮ ಮಗುವೂ ಒಂದು ಜೀವವೇ.

ಅಡುಗೆಮನೆಯಲ್ಲಿ ಏನು ನೋಡಬೇಕು

'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡು ನಮಗೆ ಅರ್ಧ ಉತ್ತರ ಮಾತ್ರ. ಸಸ್ಯಾಹಾರಿ ಮೆಸ್ಸಿನಲ್ಲಿಯೂ ಸಾಂಬಾರಿಗೆ ಈರುಳ್ಳಿ, ಪಲ್ಯಕ್ಕೆ ಆಲೂಗಡ್ಡೆ, ಒಗ್ಗರಣೆಗೆ ಬೆಳ್ಳುಳ್ಳಿ ಸಾಮಾನ್ಯ. ದಿನಾ ಬೇರೆ ಅಡುಗೆ ಮಾಡಿ ಎಂದರೆ ಯಾವ ಅಡುಗೆಯವರಿಗೂ ಆಗದು. ಆದರೆ ಕ್ರಮ ಬದಲಿಸಿದರೆ ಹೆಚ್ಚಿನದು ಸಾಧ್ಯ. ಬೇಳೆ ಬೆಂದ ಮೇಲೆ, ಈರುಳ್ಳಿ-ಬೆಳ್ಳುಳ್ಳಿ ಹಾಕುವ ಮೊದಲು, ನಮ್ಮ ಮಕ್ಕಳಿಗೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ತೆಗೆದು ಸಾಸಿವೆ-ಜೀರಿಗೆ-ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು. ಸೌಟು ಬೇರೆ ಇರಬೇಕು. ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ ನಡೆಯುತ್ತದೆ. ಹೀರೆಕಾಯಿ, ಸೋರೆಕಾಯಿ, ತೊಂಡೆಕಾಯಿ, ಬೆಂಡೆಕಾಯಿ, ಸೌತೆಕಾಯಿ ಎಲ್ಲರಿಗೂ ಆಗುವ ತರಕಾರಿ. ಅಷ್ಟಮಿ-ಚತುರ್ದಶಿಯಂದು ಹಸಿರು ತರಕಾರಿ ಬಿಡುವ ಮನೆಯವರು ಆ ದಿನಗಳ ಪಟ್ಟಿಯನ್ನು ತಿಂಗಳ ಮೊದಲೇ ಮೆಸ್ಸಿಗೆ ಕೊಡಬಹುದು. ಅಂದು ಕಾಳು, ಬೇಳೆ ಇದ್ದರೆ ಸಾಕು.

ಮೊಟ್ಟೆಯ ಬಗ್ಗೆ ಬೇರೆಯಾಗಿ ಕೇಳಿ. ಕೆಲವು ಶಾಲೆಗಳಲ್ಲಿ ಊಟ ಸಸ್ಯಾಹಾರವಾದರೂ ಬೆಳಗಿನ ತಿಂಡಿಗೆ ಮೊಟ್ಟೆ ಇರುತ್ತದೆ. ಒಂದೇ ಕಾವಲಿ, ಒಂದೇ ಎಣ್ಣೆಯೇ ಎಂದು ವಿಚಾರಿಸಿ. ಹುಟ್ಟುಹಬ್ಬದ ಕೇಕು, ಕ್ಯಾಂಟೀನಿನ ಪಫ್ಸು, ಪ್ರವಾಸಕ್ಕೆ ಹೋದಾಗಿನ ಹೋಟೆಲ್ ಊಟ, ಇವು ಮಗು ಒಂಟಿಯಾಗಿ ತೀರ್ಮಾನ ಮಾಡಬೇಕಾದ ಜಾಗಗಳು. ಪೊಟ್ಟಣದ ಮೇಲಿನ ಹಸಿರು ಗುರುತು, ಕಂದು ಗುರುತು ನೋಡುವುದನ್ನು ಮನೆಯಲ್ಲೇ ಕಲಿಸಿ ಕಳಿಸಿ. ಹಾಸ್ಟೆಲ್ ಮೆಸ್ಸಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇರಬೇಕು. ಅದರ ಸಂಖ್ಯೆ ಗೋಡೆಯ ಮೇಲಿದೆಯೇ ನೋಡಿ. ನೀರಿನ ತೊಟ್ಟಿ ಯಾವಾಗ ತೊಳೆದರು ಎಂದು ಕೇಳಿ. ಸಾಧ್ಯವಾದರೆ ಒಂದು ಹೊತ್ತು ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು ಊಟ ಮಾಡಿ. ಅತಿಥಿಗಳ ಕೋಣೆಯಲ್ಲಿ ಬಡಿಸಿದ ಊಟದಿಂದ ಏನೂ ತಿಳಿಯುವುದಿಲ್ಲ.

ಪರ್ವ ಮತ್ತು ಪರೀಕ್ಷೆ

ದಶಲಕ್ಷಣ ಪರ್ವ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ. ಶ್ವೇತಾಂಬರರ ಪರ್ಯುಷಣ ಎಂಟು ದಿನ, ಸಂವತ್ಸರಿಗೆ ಮುಗಿಯುತ್ತದೆ. ಎರಡೂ ಆಗಸ್ಟ್-ಸೆಪ್ಟೆಂಬರಿನಲ್ಲಿ ಬರುತ್ತವೆ, ಅದೇ ಹೊತ್ತಿಗೆ ಶಾಲೆಗಳಲ್ಲಿ ಕಿರುಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ. ಹತ್ತೂ ದಿನ ಮನೆಗೆ ಕಳಿಸಿ ಎಂದರೆ ಶಾಲೆ ಒಪ್ಪುವುದು ಕಷ್ಟ, ಮಗುವಿನ ಪಾಠವೂ ಹೋಗುತ್ತದೆ. ಅನಂತ ಚತುರ್ದಶಿ ಅಥವಾ ಸಂವತ್ಸರಿಯ ಒಂದೆರಡು ದಿನಕ್ಕೆ ರಜೆ ಕೇಳಿ, ಉಳಿದ ದಿನ ಬೆಳಿಗ್ಗೆ ಹತ್ತು ನಿಮಿಷ ಪಂಚ ನಮಸ್ಕಾರ ಮಂತ್ರ, ದಿನಕ್ಕೊಂದು ಧರ್ಮದ ಬಗ್ಗೆ ನಾಲ್ಕು ಸಾಲು ಓದುವುದು ಎಂದು ಇಟ್ಟುಕೊಂಡರೆ ನಡೆಯುತ್ತದೆ. ಉತ್ತಮ ಕ್ಷಮಾ ಎಂಬ ಮೊದಲ ದಿನದ ಧರ್ಮಕ್ಕೆ ಹಾಸ್ಟೆಲಿಗಿಂತ ಒಳ್ಳೆಯ ಅಭ್ಯಾಸದ ಜಾಗ ಇಲ್ಲ. ಮಹಾವೀರ ಜಯಂತಿ ಚೈತ್ರ ಶುಕ್ಲ ತ್ರಯೋದಶಿ, ವಾರ್ಷಿಕ ಪರೀಕ್ಷೆಯ ಆಸುಪಾಸು. ಮಹಾವೀರ ನಿರ್ವಾಣ ದೀಪಾವಳಿಯ ರಜೆಯಲ್ಲೇ ಬರುವುದರಿಂದ ಚಿಂತೆಯಿಲ್ಲ.

ಮಕ್ಕಳು ಏಕಾಸನ, ಉಪವಾಸ ಮಾಡುವುದಾದರೆ ಪೋಷಕರ ಪತ್ರವಿಲ್ಲದೆ ಮಾಡಬಾರದು ಎಂದು ಇಬ್ಬರಿಗೂ ಹೇಳಿ. ಉಪವಾಸವಿದ್ದ ಮಗುವನ್ನು ವಿಷಯ ಗೊತ್ತಿಲ್ಲದ ಶಿಕ್ಷಕರು ಓಟಕ್ಕೆ ನಿಲ್ಲಿಸಿದರೆ ಅಪಾಯ. ಹತ್ತಿರದಲ್ಲಿ ಬಸದಿ ಇದ್ದರೆ ಭಾನುವಾರ ಕರೆದುಕೊಂಡು ಹೋಗುವ ಸ್ಥಳೀಯ ಶ್ರಾವಕರೊಬ್ಬರ ಹೆಸರನ್ನು ಶಾಲೆಯ ಅನುಮತಿ ಪಟ್ಟಿಯಲ್ಲಿ ಬರೆಸಿ. ಗುರುತಿನ ಚೀಟಿ ತೋರಿಸಿಯೇ ಮಗುವನ್ನು ಕಳಿಸಬೇಕು ಎಂಬ ನಿಯಮವನ್ನು ನಮ್ಮವರೂ ಪಾಲಿಸಬೇಕು.

ಕಲಿಕೆಯ ವಿಷಯ

ವಸತಿ ಶಾಲೆಯ ದೊಡ್ಡ ಅನುಕೂಲ ಸಂಜೆಯ ಓದಿನ ಅವಧಿ. ಮೊಬೈಲಿಲ್ಲ, ಟಿವಿಯಿಲ್ಲ, ಅನುಮಾನ ಬಂದರೆ ಕೇಳಲು ಶಿಕ್ಷಕರು ಇರುತ್ತಾರೆ. ಆದರೆ ಇರುತ್ತಾರೆಯೇ ಎಂದು ಕೇಳಬೇಕು. ಕೆಲವು ಕಡೆ ಸುಮ್ಮನಿರಿಸಲು ಒಬ್ಬ ಮೇಲ್ವಿಚಾರಕರು ಇರುತ್ತಾರೆ, ಗಣಿತ-ವಿಜ್ಞಾನ ಹೇಳಿಕೊಡುವವರು ಇರುವುದಿಲ್ಲ. ಡೇ ಸ್ಕಾಲರ್ ಮಗುವಿಗೆ ಪ್ರಯಾಣದಲ್ಲಿ ಎರಡು ಗಂಟೆ ಹೋದರೂ, ಮನೆಯಲ್ಲಿ ಅಜ್ಜ-ಅಜ್ಜಿಯ ಜೊತೆ ಮಾತು, ಅಂಗಡಿಯ ವ್ಯವಹಾರ, ಬಸದಿಯ ದರ್ಶನ ಸಿಗುತ್ತದೆ. ಅದೂ ಕಲಿಕೆಯೇ.

ಕನ್ನಡದ ಬಗ್ಗೆ ಒಂದು ಮಾತು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು, ಕೇಂದ್ರ ಪಠ್ಯಕ್ರಮದ ಶಾಲೆಗಳಿಗೂ ಇದು ಅನ್ವಯ. ಪಂಪ, ಪೊನ್ನ, ರನ್ನರು ಜೈನ ಕವಿಗಳು. ನಮ್ಮ ಮಕ್ಕಳು ಕನ್ನಡ ಓದಲು ಬಾರದೆ ಬೆಳೆದರೆ ಮನೆಯ ಸೊತ್ತಿಗೇ ಬೀಗ ಹಾಕಿದಂತೆ. ಪ್ರವೇಶದ ವೇಳೆ ಕನ್ನಡ ಶಿಕ್ಷಕರು ಕಾಯಂ ಇದ್ದಾರೆಯೇ ಎಂದು ಕೇಳಿ.

ಮಗುವಿನ ಮನಸ್ಸು, ಮಗುವಿನ ಸುರಕ್ಷೆ

ತನ್ನ ಬಟ್ಟೆ ತಾನು ಮಡಿಸುವ, ಬೇಕಾದ್ದನ್ನು ಬಾಯಿಬಿಟ್ಟು ಕೇಳುವ, ಬೇಡವೆಂದಾಗ 'ಬೇಡ' ಎನ್ನುವ ಧೈರ್ಯ ಬಂದ ಮೇಲೆ ಹಾಸ್ಟೆಲಿಗೆ ಕಳಿಸುವುದು ಒಳ್ಳೆಯದು. ಐದನೆಯ ತರಗತಿಯೊಳಗಿನ ಮಕ್ಕಳಿಗೆ ಸಾಧ್ಯವಿದ್ದಷ್ಟು ಮನೆಯೇ ಮೇಲು. ಮೊದಲ ತಿಂಗಳು ಎಲ್ಲ ಮಕ್ಕಳೂ ಅಳುತ್ತಾರೆ. ಅಳು ಕಡಿಮೆಯಾಗುತ್ತ ಬಂದರೆ ಹೊಂದಿಕೊಳ್ಳುತ್ತಿದ್ದಾರೆ ಎಂದು ಅರ್ಥ. ಎರಡು ಮೂರು ತಿಂಗಳಾದರೂ ಊಟ ಸೇರದಿರುವುದು, ಹಾಸಿಗೆ ಒದ್ದೆಯಾಗುವುದು, ಒಬ್ಬ ವ್ಯಕ್ತಿಯ ಹೆಸರು ಬಂದರೆ ಮೌನವಾಗುವುದು, ರಜೆ ಮುಗಿದು ಹೊರಡುವಾಗ ಹೊಟ್ಟೆನೋವು ಬರುವುದು ಕಂಡರೆ ನಾಟಕವೆಂದು ತಳ್ಳಿಹಾಕಬೇಡಿ.

ಮಕ್ಕಳನ್ನು ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮಿನ ಪ್ರಕಾರ ನಿಷಿದ್ಧ. ಲೈಂಗಿಕ ಕಿರುಕುಳ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದು 2012ರ ಪೋಕ್ಸೋ ಕಾಯ್ದೆಯಂತೆ ಅಪರಾಧ. ಸಂಸ್ಥೆ ನಮ್ಮ ಸಮಾಜದ್ದೇ ಆದರೂ, ಹೆಸರು ಕೆಡುತ್ತದೆ ಎಂಬ ಕಾರಣಕ್ಕೆ ಸುಮ್ಮನಿರುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಹೆಣ್ಣುಮಕ್ಕಳ ನಿಲಯದಲ್ಲಿ ರಾತ್ರಿ ಅಲ್ಲೇ ತಂಗುವ ಮಹಿಳಾ ವಾರ್ಡನ್ ಇರಲೇಬೇಕು. ಮಗು ಮನೆಗೆ ಫೋನು ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆಯೇ ಎಂದೂ ವಿಚಾರಿಸಿ.

ಇನ್ನೊಂದು ಸೂಕ್ಷ್ಮ ವಿಷಯ. ಹಾಸ್ಟೆಲಿನ ನೂರು ಮಕ್ಕಳಲ್ಲಿ ಜೈನ ಮಗು ಒಂದೇ ಆಗಿದ್ದರೆ, 'ಈರುಳ್ಳಿ ಯಾಕೆ ತಿನ್ನಲ್ಲ?' ಎಂಬ ಪ್ರಶ್ನೆಗೆ ದಿನಾ ಉತ್ತರ ಕೊಡಬೇಕು. ಉತ್ತರ ಗೊತ್ತಿಲ್ಲದ ಮಗು ನಾಚಿಕೊಂಡು ಕದ್ದು ತಿನ್ನುತ್ತದೆ, ಮನೆಗೆ ಬಂದು ಸುಳ್ಳು ಹೇಳುತ್ತದೆ. ಅಲ್ಲಿಗೆ ಅಹಿಂಸೆಯ ಜೊತೆ ಸತ್ಯವೂ ಹೋಯಿತು. ಆದ್ದರಿಂದ ಕಳಿಸುವ ಮೊದಲು ಕಾರಣ ತಿಳಿಸಿ: ಗಡ್ಡೆಯನ್ನು ಕಿತ್ತರೆ ಗಿಡವೇ ಸಾಯುತ್ತದೆ, ಗಡ್ಡೆಯಲ್ಲಿ ಅನಂತ ಸೂಕ್ಷ್ಮ ಜೀವಗಳಿವೆ ಎಂದು ನಾವು ನಂಬುತ್ತೇವೆ, ಅದಕ್ಕೆ ಬಿಡುತ್ತೇವೆ. ಜೊತೆಗೆ ಇದನ್ನೂ ಹೇಳಿ: ಎಂದಾದರೂ ನಿಯಮ ತಪ್ಪಿದರೆ ನಮಗೆ ಹೇಳು, ನಾವು ಬೈಯುವುದಿಲ್ಲ. ಮನೆಯ ಎಲ್ಲರೂ ಸೇರಿ ನಡೆಸುವ ನಿಯಮವನ್ನು ಹತ್ತು ವರ್ಷದ ಮಗು ಒಂಟಿಯಾಗಿ ಹೊರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಯಾವುದನ್ನು ಬಿಡಲೇಬಾರದು, ಯಾವುದರಲ್ಲಿ ಸಡಿಲಿಕೆ ಇದೆ ಎಂದು ತಂದೆ-ತಾಯಿ, ಅಜ್ಜ-ಅಜ್ಜಿ ಮೊದಲೇ ಒಂದು ಮಾತಿಗೆ ಬನ್ನಿ. ಅಜ್ಜಿ ಒಂದು, ಅಮ್ಮ ಒಂದು ಹೇಳಿದರೆ ಮಗು ನಡುವೆ ಸಿಕ್ಕಿಬೀಳುತ್ತದೆ.

ಖರ್ಚಿನ ಲೆಕ್ಕ

ಫೀಸು ಎಷ್ಟು ಎಂದು ಕೇಳಿದರೆ ಒಂದು ಮೊತ್ತ ಹೇಳುತ್ತಾರೆ. ಅದರಲ್ಲಿ ಏನೇನು ಸೇರಿದೆ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಪ್ರವೇಶ ಶುಲ್ಕ, ಬೋಧನಾ ಶುಲ್ಕ, ವಸತಿ, ಮೆಸ್ಸು, ಠೇವಣಿ, ಸಮವಸ್ತ್ರ, ಪುಸ್ತಕ, ಬಟ್ಟೆ ಒಗೆಯುವುದು, ವೈದ್ಯಕೀಯ, ಪ್ರವಾಸ, ಕೈಖರ್ಚು. ಮಧ್ಯದಲ್ಲಿ ಬಿಟ್ಟರೆ ಯಾವುದು ವಾಪಸು ಬರುತ್ತದೆ, ಎಷ್ಟು ದಿನದಲ್ಲಿ ಬರುತ್ತದೆ ಎಂಬುದೂ ಬರಹದಲ್ಲಿರಲಿ. ಮಗು ಹೊಂದಿಕೊಳ್ಳುತ್ತಿಲ್ಲ ಎಂದು ಗೊತ್ತಾದ ಮೇಲೂ, ಕಟ್ಟಿದ ಹಣ ಹೋಗುತ್ತದೆಂದು ವರ್ಷಪೂರ್ತಿ ಅಲ್ಲೇ ಬಿಡುವವರಿದ್ದಾರೆ. ಅಂಥ ಇಕ್ಕಟ್ಟಿಗೆ ಸಿಕ್ಕಬೇಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ಒಟ್ಟು 1.5 ಲಕ್ಷ ರೂಪಾಯಿಯ ಮಿತಿಯೊಳಗೆ ವಿನಾಯಿತಿ ಇದೆ, ವಸತಿ-ಮೆಸ್ಸಿನ ಹಣಕ್ಕೆ ಇಲ್ಲ. ರಸೀದಿ ಬೇರೆ ಬೇರೆ ಇದ್ದರೆ ಅನುಕೂಲ.

2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದೆ. ಕಡಿಮೆ ಆದಾಯದ ಕುಟುಂಬಗಳು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನ, ವಸತಿ ಶಾಲೆ, ವಿದ್ಯಾರ್ಥಿ ನಿಲಯಗಳ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನಕ್ಕೆ ಓಡಿದರೆ ಕೆಲಸ ಆಗದು.

ಸೇರಿಸುವ ಮುನ್ನ ಕೇಳಬೇಕಾದ ಹತ್ತು ಪ್ರಶ್ನೆಗಳು

1. ಶಾಲೆಯ ಮಾನ್ಯತೆ ಯಾವ ತರಗತಿಯವರೆಗೆ, ಯಾವ ಮಂಡಳಿಯದು?
2. ಸಂಜೆಯ ಊಟ ಎಷ್ಟು ಗಂಟೆಗೆ? ನವೆಂಬರಿನಲ್ಲಿಯೂ ಅದೇ ಸಮಯವೇ?
3. ಬೇಗ ಉಣ್ಣುವ ಮಕ್ಕಳ ಆಟ, ಓದಿನ ಸಮಯ ಹೇಗೆ ಹೊಂದಿಸುತ್ತೀರಿ?
4. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಯಿಲ್ಲದ ಅಡುಗೆ ದಿನವೂ ಸಿಗುತ್ತದೆಯೇ, ಕೇಳಿದ ದಿನ ಮಾತ್ರವೇ?
5. ಈಗ ಎಷ್ಟು ಜೈನ ಮಕ್ಕಳು ಇದ್ದಾರೆ? ಅವರ ಪೋಷಕರೊಂದಿಗೆ ಮಾತಾಡಬಹುದೇ?
6. ಒಬ್ಬ ವಾರ್ಡನ್ನರಿಗೆ ಎಷ್ಟು ಮಕ್ಕಳು? ರಾತ್ರಿ ಅವರು ಎಲ್ಲಿ ಮಲಗುತ್ತಾರೆ?
7. ಕಾಯಿಲೆಯಾದರೆ ಎಷ್ಟು ಹೊತ್ತಿನೊಳಗೆ ಮನೆಗೆ ತಿಳಿಸುತ್ತೀರಿ? ಆಸ್ಪತ್ರೆ ಎಷ್ಟು ದೂರ?
8. ವಾರಕ್ಕೆ ಎಷ್ಟು ಬಾರಿ ಫೋನು, ತಿಂಗಳಿಗೆ ಎಷ್ಟು ಬಾರಿ ಭೇಟಿ?
9. ಮಕ್ಕಳ ದೂರು ಕೇಳುವವರು ಯಾರು? ವಾರ್ಡನ್ ಮೇಲೆಯೇ ದೂರಿದ್ದರೆ?
10. ಮಧ್ಯದಲ್ಲಿ ಹಾಸ್ಟೆಲ್ ಬಿಟ್ಟು ಡೇ ಸ್ಕಾಲರ್ ಆಗಬಹುದೇ?

ಎರಡರಿಂದ ನಾಲ್ಕರವರೆಗಿನ ಉತ್ತರವನ್ನು ಪ್ರವೇಶ ಅರ್ಜಿಯ ಜೊತೆ ಪತ್ರದಲ್ಲಿ ಬರೆದು, ಶಾಲೆಯ ಮೊಹರು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ವಾರ್ಡನ್ ಬದಲಾಗುತ್ತಾರೆ, ಅಡುಗೆಯವರು ಬದಲಾಗುತ್ತಾರೆ, ಪತ್ರ ಉಳಿಯುತ್ತದೆ.

ಸಮಾಜ ಮಾಡಬೇಕಾದದ್ದು

ನಮ್ಮ ಹಿರಿಯರು ಒಂದು ಹಿಡಿ ಧಾನ್ಯ, ಒಂದು ರೂಪಾಯಿ ವಂತಿಗೆ ಕೂಡಿಸಿ ಬೋರ್ಡಿಂಗ್ ಕಟ್ಟಿದರು. ಇಂದು ಕೆಲವು ಊರುಗಳಲ್ಲಿ ಸಮಾಜದ ನಿಲಯದಲ್ಲಿ ಹಾಸಿಗೆಗಳು ಖಾಲಿ ಇವೆ, ಅದೇ ಊರಿನ ಖಾಸಗಿ ಹಾಸ್ಟೆಲಿನಲ್ಲಿ ನಮ್ಮ ಮಕ್ಕಳು ಸಂಜೆಯ ಊಟಕ್ಕೆ ಪರದಾಡುತ್ತಾರೆ. ನಿಲಯದ ಶೌಚಾಲಯ ಸರಿಯಿಲ್ಲ, ಓದಲು ಇಂಟರ್ನೆಟ್ ಇಲ್ಲ, ಗಣಿತ ಹೇಳಿಕೊಡುವವರಿಲ್ಲ ಎಂದು ಪೋಷಕರು ಕಳಿಸುವುದಿಲ್ಲ. ಕಳಿಸದಿದ್ದರೆ ನಿಲಯ ಸುಧಾರಿಸುವುದಿಲ್ಲ. ದಾನಿಗಳು ಹೊಸ ಕಟ್ಟಡಕ್ಕೆ ಹೆಸರು ಬರೆಸುವ ಬದಲು, ಇರುವ ನಿಲಯದ ಅಡುಗೆಯವರ ಸಂಬಳಕ್ಕೆ, ಸಂಜೆ ಪಾಠ ಹೇಳುವ ಒಬ್ಬ ಶಿಕ್ಷಕರಿಗೆ ವರ್ಷದ ವ್ಯವಸ್ಥೆ ಮಾಡಿದರೆ ಅದೂ ಶಾಸ್ತ್ರದಾನವೇ, ಆಹಾರದಾನವೇ.

ನಿಲಯ ಇಲ್ಲದ ಊರಿನಲ್ಲಿ ಇನ್ನೊಂದು ಸುಲಭ ದಾರಿಯಿದೆ. ಶಾಲೆಯ ಸಮೀಪದ ಎರಡು ಮೂರು ಜೈನ ಮನೆಗಳು ಸರದಿಯ ಮೇಲೆ ಸಂಜೆ ಐದರ ಹೊತ್ತಿಗೆ ಡಬ್ಬಿ ಕಳಿಸಬಹುದು. ಇದಕ್ಕೆ ಟ್ರಸ್ಟು ಬೇಡ, ಸಭೆ ಬೇಡ. ಶಾಲೆಯ ಒಪ್ಪಿಗೆ ಮತ್ತು ಒಂದು ಸರದಿ ಪಟ್ಟಿ ಸಾಕು. ಬಸದಿಯ ಟ್ರಸ್ಟಿಗಳು ತಮ್ಮ ಊರಿನ ಹಾಸ್ಟೆಲುಗಳಲ್ಲಿ ಎಷ್ಟು ಜೈನ ಮಕ್ಕಳಿದ್ದಾರೆ ಎಂದು ಈ ಜೂನ್ ತಿಂಗಳಲ್ಲೇ ಹೋಗಿ ಕೇಳಿ ಬರಲಿ. ಪಟ್ಟಿ ಕೈಗೆ ಬಂದರೆ ಡಬ್ಬಿಯ ಮನೆಗಳು ತಾವಾಗಿ ಮುಂದೆ ಬರುತ್ತವೆ.

ಜೈ ಜಿನೇಂದ್ರ.